ಕಳೆದ ವರ್ಷ ಇದೇ ದಿನ ಎಷ್ಟಿತ್ತು? ಸೀಳಿದ ಮಹಾಪಧಮನಿಯನ್ನು ಸ್ಕ್ಯಾನ್‌ನಲ್ಲಿ ಕಾಯುವ ಲೆಕ್ಕ

ಮಳೆಗಾಲದಲ್ಲಿ ಶಿವಮೊಗ್ಗದ ಯಾವ ಹೋಟೆಲಿಗೆ ಹೋದರೂ ಬೆಳಿಗ್ಗೆ ಪೇಪರಿನಲ್ಲಿ ಜನ ಮೊದಲು ಹುಡುಕುವುದು ಜಲಾಶಯದ ಮಟ್ಟ. ಲಿಂಗನಮಕ್ಕಿ ಗರಿಷ್ಠ 1819 ಅಡಿ, ಇವತ್ತು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಆದರೆ ಕಣ್ಣು ಹೋಗಿ ನಿಲ್ಲುವುದು 'ಕಳೆದ ವರ್ಷ ಇದೇ ದಿನ' ಅನ್ನುವ ಸಾಲಿನ ಮೇಲೆ. ಆ ಒಂದು ಸಂಖ್ಯೆ ಇಲ್ಲದಿದ್ದರೆ ಉಳಿದದ್ದು ಇದ್ದೂ ಇಲ್ಲದ ಹಾಗೆ. 1790 ಅಡಿ ಅಂದರೆ ಖುಷಿ ಪಡಬೇಕೋ, ತಲೆ ಮೇಲೆ ಕೈ ಹೊರಬೇಕೋ? ಹೋದ ವರ್ಷದ್ದು ಗೊತ್ತಿಲ್ಲದೆ ಹೇಳುವುದು ಹೇಗೆ?

ನನ್ನ ಚಿಕ್ಕಪ್ಪನ ಎದೆಯೊಳಗಿನ ಒಂದು ರಕ್ತನಾಳದ ಕಥೆಯೂ ಇದೇ.

ತೀರ್ಥಹಳ್ಳಿ ದಾಟಿ ಆಗುಂಬೆ ಕಡೆಗೆ ಅವರ ಮನೆ, ಸ್ವಲ್ಪ ಅಡಿಕೆ ತೋಟ, ಕೆಳಗೆ ಒಂದಿಷ್ಟು ಗದ್ದೆ. ಎರಡು ವರ್ಷದ ಹಿಂದೆ ಕೊಯ್ಲಿನ ಸಮಯದಲ್ಲಿ ಅಡಿಕೆ ಮೂಟೆ ಎತ್ತಲು ಬಗ್ಗಿದ್ದಾರೆ. ಬೆನ್ನಿನ ನಡುವೆ, ಎರಡು ಹೆಗಲ ಮೂಳೆಗಳ ಮಧ್ಯೆ, ಬಟ್ಟೆ ಹರಿದ ಹಾಗೆ ನೋವು. ಮೆಲ್ಲಗೆ ಶುರುವಾಗಿ ಜಾಸ್ತಿಯಾದ ನೋವಲ್ಲ, ಮೊದಲ ಕ್ಷಣದಲ್ಲೇ ತುದಿ ಮುಟ್ಟಿದ ನೋವು. ಚಿಕ್ಕಮ್ಮ ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಮಾಡಿ ಕೊಟ್ಟರು. ಕಡಿಮೆಯಾಗಲಿಲ್ಲ. ಆಸ್ಪತ್ರೆಗೆ ಹೋದರೆ ಇಸಿಜಿ ಸರಿಯಾಗಿಯೇ ಬಂತು. "ಹಾರ್ಟ್ ಸರಿ ಉಂಟಂತಲ್ಲ, ಮನೆಗೆ ಹೋಗುವ" ಅಂತ ಚಿಕ್ಕಪ್ಪ ಅಂಗಿ ಹಾಕಿಕೊಂಡು ಎದ್ದೇ ಬಿಟ್ಟಿದ್ದರು. ಅಲ್ಲಿದ್ದ ಚಿಕ್ಕ ಪ್ರಾಯದ ಡಾಕ್ಟರಿಗೆ ಏನು ಅನ್ನಿಸಿತೋ, ಎರಡೂ ಕೈಯ ಬಿಪಿ ನೋಡಿದರು. ಬಲಗೈಯಲ್ಲಿ 190ರ ಮೇಲೆ, ಎಡಗೈಯಲ್ಲಿ 160 ಚಿಲ್ಲರೆ. ಕೂಡಲೇ ಶಿವಮೊಗ್ಗಕ್ಕೆ ಕಳಿಸಿ ಸಿಟಿ ಸ್ಕ್ಯಾನ್ ಮಾಡಿಸಿ ಅಂದರು. ಎರಡು ಕೈಗಳ ನಡುವೆ 20ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದು, ಜೊತೆಗೆ ಇಂಥ ನೋವೂ ಇದ್ದರೆ, ಈ ಕಾಯಿಲೆಯನ್ನು ಅನುಮಾನಿಸಲೇಬೇಕು ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಪುಣ್ಯಾತ್ಮ, ಅವರ ಹೆಸರೂ ಕೇಳಿಕೊಳ್ಳಲಿಲ್ಲ ನಾವು.

ಕಾಯಿಲೆಯ ಹೆಸರು ಅಯೋರ್ಟಿಕ್ ಡಿಸೆಕ್ಷನ್. ಅಯೋರ್ಟಾ ಅಂದರೆ ಮಹಾಪಧಮನಿ, ಹೃದಯದಿಂದ ಹೊರಟು ಕೊಡೆಯ ಹಿಡಿಯ ಹಾಗೆ ಬಾಗಿ ಬೆನ್ನುಮೂಳೆಯ ಪಕ್ಕದಲ್ಲೇ ಹೊಟ್ಟೆಯವರೆಗೆ ಇಳಿಯುವ ದೊಡ್ಡ ನಾಳ. ಅದರ ಗೋಡೆಗೆ ಮೂರು ಪದರ. ತೋಟಕ್ಕೆ ನೀರು ಬಿಡುವ ಪದರದ ಪೈಪ್ ನೋಡಿದ್ದೀರಲ್ಲ, ಹಳೆಯದಾದ ಮೇಲೆ ಒಳಗಿನ ಪದರ ಒಂದು ಕಡೆ ಹರಿದು, ನೀರು ಆ ಹರಕಲ್ಲಿ ನುಗ್ಗಿ ಎರಡು ಪದರಗಳ ನಡುವೆ ದಾರಿ ಮಾಡಿಕೊಂಡು ಪೈಪು ಅಲ್ಲಲ್ಲಿ ಊದಿಕೊಳ್ಳುತ್ತದೆ. ಇಲ್ಲೂ ಹಾಗೇ. ಒಳಪದರ ಹರಿದು ರಕ್ತ ಗೋಡೆಯೊಳಗೆ ನುಗ್ಗುತ್ತದೆ, ಪದರಗಳನ್ನು ಸುಲಿದುಕೊಂಡು ಕೆಳಗಿಳಿಯುತ್ತದೆ. ಒಂದು ನಾಳದಲ್ಲಿ ಈಗ ಎರಡು ದಾರಿ: ಮೊದಲಿಂದ ಇದ್ದ ನಿಜದ ದಾರಿ, ಹೊಸದಾಗಿ ಆದ ಕಳ್ಳ ದಾರಿ. ಡಾಕ್ಟರುಗಳು ಟ್ರೂ ಲ್ಯೂಮೆನ್, ಫಾಲ್ಸ್ ಲ್ಯೂಮೆನ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕಳ್ಳ ದಾರಿ ಅನ್ನುವುದೇ ರೂಢಿಯಾಗಿದೆ.

ಸೀಳು ಹೃದಯದಿಂದ ಮೇಲಕ್ಕೆ ಹೋಗುವ ಭಾಗದಲ್ಲಿದ್ದರೆ ಅದು ಟೈಪ್ ಎ. ಆಗ ಯೋಚನೆಗೆ ಸಮಯವೇ ಇಲ್ಲ, ಕೂಡಲೇ ಎದೆ ತೆರೆದು ಆಪರೇಷನ್ ಮಾಡಬೇಕು. ಮೊದಲ ಎರಡು ದಿನ ಗಂಟೆಗೆ ನೂರಕ್ಕೆ ಒಂದೆರಡು ಜೀವ ಹೋಗುತ್ತದೆ ಅಂತ ಹಳೆಯ ಲೆಕ್ಕ. ಮೇಲಿನ ಭಾಗಕ್ಕೆ ಏನೂ ಆಗದೆ ಕೆಳಗಿಳಿಯುವ ಭಾಗ ಮಾತ್ರ ಸೀಳಿದ್ದರೆ ಟೈಪ್ ಬಿ. ಅಲ್ಲಿ ತೊಡಕುಗಳಿಲ್ಲದಿದ್ದರೆ ಔಷಧಿಯಿಂದಲೇ ಶುರು: ಮೇಲಿನ ಬಿಪಿ 100ರಿಂದ 120ರ ಒಳಗೆ, ನಾಡಿ ಮಿಡಿತ 60ಕ್ಕಿಂತ ಕೆಳಗೆ ಇಳಿಸಿ ಕಾಯುತ್ತಾರೆ. ಚಿಕ್ಕಪ್ಪನದು ಟೈಪ್ ಬಿ. ಈ ವಿಂಗಡಣೆ ಬಂದಿದ್ದು 1970ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನಿಂದ. ಅದಕ್ಕೂ ಹಿಂದೆ ಈ ಕಾಯಿಲೆ ಹೆಚ್ಚಾಗಿ ಗೊತ್ತಾಗುತ್ತಿದ್ದುದು ಹೆಣ ಕೊಯ್ದಾಗ. 1760ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಜಾರ್ಜ್ ಸತ್ತಿದ್ದು ಇದರಿಂದಲೇ, ಅದು ತಿಳಿದದ್ದೂ ಮರಣೋತ್ತರ ಪರೀಕ್ಷೆಯಲ್ಲೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈಗ ನಮ್ಮ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಎದೆನೋವಿಗೆ ಕೂಡಲೇ ಇಸಿಜಿ ತೆಗೆದು, ಹೃದಯಾಘಾತ ಅಂತ ಖಾತ್ರಿಯಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಒಳ್ಳೆಯ ಕೆಲಸ, ಮಲೆನಾಡಿಗಂತೂ ದೊಡ್ಡ ಉಪಕಾರ. ಆದರೆ ಸೀಳಿದ ಮಹಾಪಧಮನಿಗೆ ಅದೇ ಇಂಜೆಕ್ಷನ್ ವಿಷ. ಹಾಗಾಗಿ ನೋವು ಬೆನ್ನಿಗೆ ಹೊಡೆದಿತ್ತಾ, ಒಂದೇ ಸಲಕ್ಕೆ ಬಂತಾ, ಹರಿದ ಹಾಗೆ ಇತ್ತಾ ಅನ್ನುವುದನ್ನು ಕೇಳುವ ಮೊದಲೇ ನಾವಾಗಿ ಹೇಳಬೇಕು. ಸುಮ್ನೆ 'ಎದೆನೋವು' ಅಂದರೆ ಸಾಲದು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಐಸಿಯುನಿಂದ ಹೊರಗೆ ಬಂದಾಗ ಊರಿನವರೆಲ್ಲ ಗುಣವಾಯಿತು ಅಂದುಕೊಂಡರು. ಗುಣ ಆಗುವುದಿಲ್ಲ. ಸೀಳಿದ ಗೋಡೆ ಹಾಗೇ ಇರುತ್ತದೆ. ಮೊದಲ 14 ದಿನ ತೀವ್ರ ಹಂತ, 90 ದಿನದವರೆಗೆ ಮಧ್ಯದ ಹಂತ, ಆಮೇಲೆ ಹಳೇ ಸೀಳು ಅಂತ ಹೆಸರು ಬದಲಾಗುತ್ತದೆ ಅಷ್ಟೆ. ಕಳ್ಳ ದಾರಿಯ ಹೊರಗೋಡೆ ತೆಳು, ಅದರ ಮೇಲೆ ದಿನಕ್ಕೆ ಲಕ್ಷ ಸಲ ರಕ್ತದ ಹೊಡೆತ ಬೀಳುತ್ತದೆ, ಅದು ಮೆಲ್ಲಗೆ ಹಿಗ್ಗಬಹುದು. ಹಿಗ್ಗುವಾಗ ನೋವಿಲ್ಲ, ಜ್ವರವಿಲ್ಲ, ಹೊರಗೆ ಯಾವ ಸುಳಿವೂ ಇಲ್ಲ. ಒಡೆದ ದಿನವೇ ಗೊತ್ತಾಗುವುದು. ಅದಕ್ಕೇ ಸ್ಕ್ಯಾನ್: ಮನೆಗೆ ಕಳಿಸುವ ಮೊದಲು ಒಂದು, ಆಮೇಲೆ ಸಾಮಾನ್ಯವಾಗಿ 1, 3, 6, 12 ತಿಂಗಳಿಗೆ, ನಂತರ ವರ್ಷಕ್ಕೊಂದು, ಬದುಕಿರುವ ತನಕ. ಟೈಪ್ ಎ ಆಗಿ ಆಪರೇಷನ್ ಆದವರಿಗೂ ಇದು ತಪ್ಪಿದ್ದಲ್ಲ. ಯಾಕೆಂದರೆ ಬದಲಾಯಿಸುವುದು ಮೇಲಿನ ತುಂಡನ್ನು ಮಾತ್ರ, ಕೆಳಗೆ ಸೀಳು ಇಳಿದಿದ್ದರೆ ಅದು ಹಾಗೇ ಉಳಿಯುತ್ತದೆ.

ಸ್ಕ್ಯಾನ್ ಮೇಲೆ ಸ್ಕ್ಯಾನ್ ತೆಗೆದು ಕಾಯುವುದು ಅಂದರೆ ಏನು ಅನ್ನುವುದಕ್ಕೆ ಮೈಕೆಲ್ ಡಿಬೇಕಿಗಿಂತ ಒಳ್ಳೆ ಉದಾಹರಣೆ ಇಲ್ಲ. ಈ ಕಾಯಿಲೆಗೆ ಆಪರೇಷನ್ ಇದೆ ಅಂತ 1950ರ ದಶಕದಲ್ಲಿ ತೋರಿಸಿಕೊಟ್ಟ ಸರ್ಜನ್ ಅವರು, ಬದಲಿ ನಾಳಕ್ಕೆ ಡೇಕ್ರಾನ್ ಬಟ್ಟೆಯನ್ನು ಹೆಂಡತಿಯ ಹೊಲಿಗೆ ಮಷಿನ್‌ನಲ್ಲಿ ಹೊಲಿದು ನೋಡಿದವರು. 2005ರ ಡಿಸೆಂಬರ್ 31ರಂದು, 97ನೇ ವಯಸ್ಸಿನಲ್ಲಿ, ಅವರಿಗೇ ಆ ನೋವು ಬಂತು. ಏನಾಗಿದೆ ಅಂತ ಅವರಿಗೇ ಹೊಳೆಯಿತು, ಆದರೂ ಆಪರೇಷನ್‌ಗೆ ಒಪ್ಪಲಿಲ್ಲ. ಮುಂದಿನ ವಾರಗಳಲ್ಲಿ ಒಂದೊಂದು ಸ್ಕ್ಯಾನ್‌ನಲ್ಲೂ ನಾಳ ದಪ್ಪವಾಗುತ್ತಲೇ ಹೋಯಿತು. 2006ರ ಫೆಬ್ರವರಿಯಲ್ಲಿ ಅವರಿಗೆ ಎಚ್ಚರವೇ ಇಲ್ಲದ ಸ್ಥಿತಿ ಬಂದಾಗ ಅವರ ಜೊತೆಗಾರರೇ ಆಪರೇಷನ್ ಮಾಡಿದರು. ಬದುಕಿದರು, 2008ರ ಜುಲೈವರೆಗೆ.

ಅವರ ಕಥೆಯಲ್ಲಿ ಸ್ಕ್ಯಾನ್‌ಗಳು ವಾರಗಳ ಅಂತರದಲ್ಲಿ ಆದವು, ಏರಿಕೆಯೂ ಕಣ್ಣಿಗೆ ಹೊಡೆಯುವಷ್ಟಿತ್ತು. ನಮ್ಮ ಚಿಕ್ಕಪ್ಪನಂಥವರದ್ದು ಹಾಗಲ್ಲ. ಇಲ್ಲಿ ಮಿಲಿಮೀಟರ್ ಆಟ. ಆ ಆಟದಲ್ಲೇ ನಾವು ಎಡವಿದ್ದು.

ಶಿವಮೊಗ್ಗದ ಮೊದಲ ರಿಪೋರ್ಟಿನಲ್ಲಿ ಕೆಳಗಿಳಿಯುವ ಮಹಾಪಧಮನಿಯ ದಪ್ಪ 41 ಮಿ.ಮೀ. ಅಂತ ಇತ್ತು. ಆ ಜಾಗದಲ್ಲಿ ಸಾಮಾನ್ಯ ಜನರದ್ದು 25ರ ಆಸುಪಾಸು ಇರುತ್ತದೆ. ಮೂರನೇ ತಿಂಗಳ ಸ್ಕ್ಯಾನ್ ತಪ್ಪಿಸಿದರು (ತೋಟಕ್ಕೆ ಗೊಬ್ಬರ ಹಾಕುವ ಕೆಲಸ ಇತ್ತಂತೆ, ಏನು ಹೇಳುವುದು). ಆರನೇ ತಿಂಗಳಿಗೆ ಮಗಳು ಘಟ್ಟದ ಕೆಳಗೆ ಇದ್ದಾಳೆ, ಅಲ್ಲೇ ಮಾಡಿಸುವ ಅಂತ ಆಗುಂಬೆ ಘಾಟಿಯ 14 ತಿರುವು ಇಳಿದು ಹೋದರು. ಅಲ್ಲಿನ ರಿಪೋರ್ಟು 45 ಅಂತ ಬಂತು. ಕೆಳಗೆ ಒಂದು ಸಾಲು: ಹಿಂದಿನ ರಿಪೋರ್ಟಿಗೆ ಹೋಲಿಸಿದರೆ 4 ಮಿ.ಮೀ. ಹೆಚ್ಚಳ.

ಆರು ತಿಂಗಳಲ್ಲಿ 5 ಮಿ.ಮೀ., ಅಥವಾ ವರ್ಷದಲ್ಲಿ 10 ಮಿ.ಮೀ. ಬೆಳೆದರೆ ಅದನ್ನು ವೇಗದ ಬೆಳವಣಿಗೆ ಅನ್ನುತ್ತಾರೆ. ದಪ್ಪ 55 ದಾಟಿದರೆ ಏನಾದರೂ ಮಾಡಲೇಬೇಕು ಅನ್ನುವ ಮಾತು ಶುರುವಾಗುತ್ತದೆ. ನಮ್ಮದು 4, ಗೆರೆಗೆ ಒಂದೇ ಮಿಲಿಮೀಟರ್ ಬಾಕಿ. ಮನೆಯಲ್ಲಿ ಆ ರಾತ್ರಿ ಯಾರಿಗೂ ಊಟ ಸೇರಲಿಲ್ಲ. ಬೆಂಗಳೂರಿಗೆ ಕರೆದುಕೊಂಡು ಹೋಗುವುದು, ಸ್ಟೆಂಟ್ ಹಾಕಿಸುವುದು, ದುಡ್ಡಿಗೆ ಯಾರನ್ನು ಕೇಳುವುದು, ಅಡಿಕೆಗೆ ರೇಟ್ ಬರುವ ತನಕ ಕಾಯಬಹುದಾ, ಎಲ್ಲ ಮಾತಾಯಿತು. ಚಿಕ್ಕಪ್ಪ ಮಾತ್ರ, "ಎಂತ ಮಾರಾಯ, ಅಡಿಕೆ ಮರವೂ ಆರು ತಿಂಗಳಿಗೆ ಇಷ್ಟು ದಪ್ಪ ಆಗುವುದಿಲ್ಲ" ಅಂದರು.

ತಮಾಷೆಗೆ ಅಂದ ಮಾತು ನಿಜಕ್ಕೆ ಹತ್ತಿರ ಇತ್ತು. ಅಡಿಕೆ ಮರವನ್ನು ಅಡ್ಡಲಾಗಿ ನೇರ ಕೊಯ್ದರೆ ದುಂಡನೆ ವೃತ್ತ ಬರುತ್ತದೆ, ಓರೆಯಾಗಿ ಕೊಯ್ದರೆ ಉದ್ದನೆ ಮೊಟ್ಟೆಯಾಕಾರ. ಮರ ಅದೇ, ಅಳತೆ ಬೇರೆ. ಮಹಾಪಧಮನಿಯಂತೂ ಬಾಗಿ ಬಳುಕಿ ಹೋಗುವ ನಾಳ, ವಯಸ್ಸಾದವರಲ್ಲಿ ಇನ್ನೂ ಅಂಕುಡೊಂಕು. ಸಿಟಿ ಮಷಿನ್ ದೇಹವನ್ನು ಅಡ್ಡಕ್ಕೆ ಬಿಲ್ಲೆ ಬಿಲ್ಲೆಯಾಗಿ ತೋರಿಸುತ್ತದೆ, ನಾಳ ಆ ಬಿಲ್ಲೆಯನ್ನು ಓರೆಯಾಗಿ ದಾಟುತ್ತಿದ್ದರೆ ಅಲ್ಲಿ ಅಳೆದದ್ದು ಇದ್ದದ್ದಕ್ಕಿಂತ ಜಾಸ್ತಿಯೇ ಬರುತ್ತದೆ. ಸರಿಯಾದ ಕ್ರಮ ಅಂದರೆ ಕಂಪ್ಯೂಟರಿನಲ್ಲಿ ನಾಳದ ನಡುಗೆರೆ ಎಳೆದು, ಆ ಗೆರೆಗೆ ನೇರ ಅಡ್ಡವಾಗಿ ಕೊಯ್ದು ಅಳೆಯುವುದು. ಇನ್ನೂ ಇದೆ. ಗೋಡೆಯನ್ನು ಸೇರಿಸಿ ಹೊರಗಿಂದ ಹೊರಗೆ ಅಳೆದರೋ, ಒಳಗಿಂದ ಒಳಗೆ ಅಳೆದರೋ? ಅದರಲ್ಲೇ ಒಂದೆರಡು ಮಿ.ಮೀ. ಹೋಗಿಬರುತ್ತದೆ. ನಾಳ ಕೊಡೆಯ ಹಿಡಿಯ ಹಾಗೆ ಬಾಗುವ ಕಮಾನಿನಿಂದ ಎಷ್ಟು ಕೆಳಗೆ ಅಳೆದರು? ಬಿಲ್ಲೆಯ ದಪ್ಪ 1 ಮಿ.ಮೀ. ಇತ್ತಾ, 5 ಇತ್ತಾ? ಹೃದಯಕ್ಕೆ ಹತ್ತಿರದ ಭಾಗವಾದರೆ ಬಡಿತಕ್ಕೆ ನಾಳವೇ ಅಲುಗಿ ಅಂಚು ಎರಡೆರಡಾಗಿ ಕಾಣುತ್ತದೆ, ಕೆಲವೊಮ್ಮೆ ಇಲ್ಲದ ಸೀಳು ಇದ್ದ ಹಾಗೆ ತೋರುತ್ತದೆ. ಅದಕ್ಕೆ ಇಸಿಜಿ ಜೋಡಿಸಿ, ಬಡಿತದ ಒಂದೇ ಹಂತದ ಚಿತ್ರಗಳನ್ನು ಆರಿಸಿಕೊಳ್ಳುತ್ತಾರೆ. ಒಂದೇ ಸ್ಕ್ಯಾನ್ ಅನ್ನು ಇಬ್ಬರು ಅನುಭವಿಗಳು ಅಳೆದರೂ 2ರಿಂದ 3 ಮಿ.ಮೀ. ವ್ಯತ್ಯಾಸ ಬರುವುದು ಮಾಮೂಲು. ಅಂದರೆ ಬೇರೆ ಊರು, ಬೇರೆ ಮಷಿನ್, ಬೇರೆ ಕೈಯಲ್ಲಿ ಬಂದ ಆ 4ರಲ್ಲಿ ಬೆಳೆದದ್ದೆಷ್ಟು, ಅಳತೆಯ ಕಾರುಬಾರು ಎಷ್ಟು?

ಮತ್ತೆ ಡ್ಯಾಮಿನ ಪಟ್ಟಿಗೇ ಬನ್ನಿ. ಲಿಂಗನಮಕ್ಕಿ 1819 ಅಡಿ, ಭದ್ರಾ 186 ಅಡಿ, ಗಾಜನೂರಿನ ತುಂಗಾ 588.24 ಮೀಟರ್. ಒಂದು ಸಮುದ್ರ ಮಟ್ಟದಿಂದ ಅಡಿಯಲ್ಲಿ, ಇನ್ನೊಂದು ಅಣೆಕಟ್ಟಿನ ತಳದಿಂದ, ಮತ್ತೊಂದು ಮೀಟರಿನಲ್ಲಿ. ಭದ್ರಾದ ಅಂಕಿಯನ್ನು ಲಿಂಗನಮಕ್ಕಿಯ ಅಂಕಿಯಿಂದ ಯಾರಾದರೂ ಕಳೆಯುತ್ತಾರಾ? ಚಿಕ್ಕಪ್ಪನ ವಿಷಯದಲ್ಲಿ ಆಗಿದ್ದು ಹೆಚ್ಚು ಕಡಿಮೆ ಅದೇ. ಎರಡನೇ ರಿಪೋರ್ಟ್ ಬರೆದವರು ಮೊದಲ ಸ್ಕ್ಯಾನಿನ ಚಿತ್ರ ನೋಡಿರಲಿಲ್ಲ, ಕಾಗದದ ಮೇಲಿನ 41ನ್ನು ಮಾತ್ರ ನೋಡಿದ್ದರು. ಅವರನ್ನೂ ಪೂರ್ತಿ ಬೈಯುವ ಹಾಗಿಲ್ಲ, ನಾವು ಕೊಟ್ಟಿದ್ದೇ ಅಷ್ಟು.

ಬೆಂಗಳೂರಿಗೆ ಹೋಗುವ ಮೊದಲು ಪರಿಚಯದ ಒಬ್ಬರು ರೇಡಿಯಾಲಜಿಸ್ಟ್ ಹತ್ತಿರ ಹೋದೆವು. ಅವರು ರಿಪೋರ್ಟನ್ನು ಪಕ್ಕಕ್ಕಿಟ್ಟು ಕೇಳಿದ ಮೊದಲ ಪ್ರಶ್ನೆ, "ಹಳೇ ಸಿಡಿ ಎಲ್ಲಿ?"

ಹಳೇ ಸಿಡಿ ಗದ್ದೆಯಲ್ಲಿತ್ತು. ಸುಳ್ಳಲ್ಲ. ಗದ್ದೆಗೆ ಹಕ್ಕಿ ಬರುತ್ತವೆ ಅಂತ ಚಿಕ್ಕಪ್ಪ ದಾರ ಕಟ್ಟಿ ನಾಲ್ಕೈದು ಸಿಡಿ ನೇತುಹಾಕಿದ್ದರು, ಅದರಲ್ಲಿ ಒಂದು ಅವರದೇ ಎದೆಯದು. ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಾ ತಿರುಗುತ್ತಿತ್ತು. ಬಿಚ್ಚಿ ತಂದು, ಸೋಪು ಹಾಕಿ ತೊಳೆದು, ಹತ್ತಿ ಬಟ್ಟೆಯಲ್ಲಿ ಒರೆಸಿ ಕಂಪ್ಯೂಟರಿಗೆ ಹಾಕಿದರೆ ಕುಂಯ್ ಕುಂಯ್ ಅಂತ ಸದ್ದು ಮಾಡಿ ನಿಂತಿತು. "ರಿಪೋರ್ಟ್ ಪೇಪರ್ ಜೋಪಾನ ಮಾಡಿದ್ದೆ ಮಾರಾಯ, ಫಿಲ್ಮೂ ಉಂಟು. ಈ ತಟ್ಟೆ ಎಂತಕ್ಕೆ ಅಂತ ಯಾರೂ ಹೇಳಲಿಲ್ಲ" ಅಂದರು ಚಿಕ್ಕಪ್ಪ. ಅವರ ಮಾತೂ ಸರಿ. ಬಿಲ್ಲು ಕೊಡುವಾಗ ದೊಡ್ಡ ಕವರಿನಲ್ಲಿ ಫಿಲ್ಮ್ ಹಾಕಿ ಕೊಟ್ಟರೆ ಅದೇ ಮುಖ್ಯ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಒಂದು ಸ್ಕ್ಯಾನ್‌ನಲ್ಲಿ ನೂರಾರು, ಕೆಲವು ಸಲ ಸಾವಿರ ದಾಟುವ ಚಿತ್ರಗಳಿರುತ್ತವೆ. ಫಿಲ್ಮ್‌ನಲ್ಲಿ ಅಚ್ಚಾಗುವುದು ಯಾರೋ ಆರಿಸಿದ ಕೆಲವೇ ಬಿಲ್ಲೆಗಳು, ಅಂಚೆ ಚೀಟಿಯಷ್ಟು ಗಾತ್ರದಲ್ಲಿ. ಅದರ ಮೇಲೆ ಹೊಸದಾಗಿ ನಡುಗೆರೆ ಎಳೆಯಲು ಆಗುವುದಿಲ್ಲ. ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತೇವಲ್ಲ, ಅದು ಇನ್ನೂ ಕಡೆ.

ನಮ್ಮ ಅದೃಷ್ಟ, ಮೊದಲು ಸ್ಕ್ಯಾನ್ ಮಾಡಿದ ಕಡೆ ಕಂಪ್ಯೂಟರಿನಲ್ಲಿ ಇನ್ನೂ ಉಳಿದಿತ್ತು. ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬಂದೆವು. ಎರಡೂ ಸ್ಕ್ಯಾನನ್ನು ಒಂದೇ ಪರದೆಯಲ್ಲಿ ಅಕ್ಕಪಕ್ಕ ಇಟ್ಟು, ಒಂದೇ ಜಾಗ ಹಿಡಿದು, ಒಂದೇ ಕ್ರಮದಲ್ಲಿ ಆ ಡಾಕ್ಟರ್ ಅಳೆದರು. ನಾನು ಹಿಂದೆ ನಿಂತು ನೋಡುತ್ತಿದ್ದೆ. ಬೂದು ಬಣ್ಣದ ಒಂದು ದುಂಡು, ಅದರೊಳಗೆ ಗಾಳಿಗೆ ಸರಿದ ಪರದೆಯ ಹಾಗೆ ತೆಳ್ಳನೆ ಒಂದು ಗೆರೆ. ಒಂದು ಕಡೆ ಬೆಳ್ಳಗೆ ಚಿಕ್ಕದು, ಇನ್ನೊಂದು ಕಡೆ ಸ್ವಲ್ಪ ಮಂಕಾಗಿ ದೊಡ್ಡದು. ದೊಡ್ಡದೇ ಕಳ್ಳ ದಾರಿ. ಮೌಸ್ ಎಳೆದರು, ಸಂಖ್ಯೆ ಮೂಡಿತು: ಮೊದಲ ಸ್ಕ್ಯಾನ್ 43, ಎರಡನೆಯದು 44.

ಒಂದು ಮಿ.ಮೀ. ಅಂದರೆ ಬೆಳೆದಿದೆ ಅಂತ ಹೇಳುವ ಹಾಗೇ ಇಲ್ಲ.

ಚಿಕ್ಕಮ್ಮ ದೇವರಿಗೆ ಕೈ ಮುಗಿದರು. ಆದರೆ ಡಾಕ್ಟರ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. ದಪ್ಪ ಬದಲಾಗಿಲ್ಲ, ಒಳಗೆ ಬದಲಾಗಿದೆ ಅಂದರು. ಮೊದಲ ಸ್ಕ್ಯಾನ್‌ನಲ್ಲಿ ಕಳ್ಳ ದಾರಿಯ ತುಂಬಾ ರಕ್ತ ಹರಿಯುತ್ತಿತ್ತು, ಈಗ ಅದರ ಕೆಳಗಿನ ತುದಿ ಬೆಳ್ಳಗಾಗದೆ ಕಪ್ಪಾಗಿಯೇ ಇದೆ. ಹೆಪ್ಪುಗಟ್ಟಿದೆಯಾ? ಈ ಪ್ರಶ್ನೆ 41ಕ್ಕೂ 45ಕ್ಕೂ ನಡೆದ ಜಗಳಕ್ಕಿಂತ ದೊಡ್ಡದು. ಎರಡು ರಿಪೋರ್ಟುಗಳಲ್ಲೂ ಅದರ ಬಗ್ಗೆ ಒಂದು ಅಕ್ಷರ ಇರಲಿಲ್ಲ.

ಕಳ್ಳ ದಾರಿ ಪೂರ್ತಿ ಹೆಪ್ಪುಗಟ್ಟಿ ಮುಚ್ಚಿಹೋದರೆ ಒಳ್ಳೆಯದು, ಗೋಡೆ ಕುಗ್ಗಿ ನಾಳ ತನ್ನ ಆಕಾರಕ್ಕೆ ಮರಳುವುದೂ ಉಂಟು. ಅರ್ಧಂಬರ್ಧ ಹೆಪ್ಪುಗಟ್ಟಿದರೆ ಅದೇ ಮಾತು ಹೇಳಲು ಬರುವುದಿಲ್ಲ. ರಕ್ತ ನುಗ್ಗುವ ಬಾಯಿ ತೆರೆದೇ ಇದ್ದು, ಕೆಳಗೆ ಹೊರಗೆ ಬರುವ ದಾರಿ ಹೆಪ್ಪಿನಿಂದ ಕಟ್ಟಿಕೊಂಡರೆ ಏನಾಗುತ್ತದೆ? ಶರಾವತಿ ಕಣಿವೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಒಳಹರಿವು ಇದೆ, ಗೇಟು ಮುಚ್ಚಿದೆ. ಒತ್ತಡ ಒಳಗೇ ಏರುತ್ತದೆ. 2007ರಲ್ಲಿ ಹೊರಬಂದ ಒಂದು ಅಂತಾರಾಷ್ಟ್ರೀಯ ಅಧ್ಯಯನದಲ್ಲಿ ಟೈಪ್ ಬಿ ಆಗಿ ಮನೆಗೆ ಹೋದ 201 ಜನರನ್ನು ಹಿಂಬಾಲಿಸಿದ್ದರು. ಮೂರು ವರ್ಷದಲ್ಲಿ ತೀರಿಕೊಂಡವರ ಪ್ರಮಾಣ, ಕಳ್ಳ ದಾರಿ ಪೂರ್ತಿ ತೆರೆದಿದ್ದವರಲ್ಲಿ ಶೇ 13.7, ಅರ್ಧ ಹೆಪ್ಪುಗಟ್ಟಿದವರಲ್ಲಿ ಶೇ 31.6. ಆಮೇಲಿನ ಎಲ್ಲ ಅಧ್ಯಯನಗಳೂ ಇದಕ್ಕೆ ಹೂಂ ಅಂದಿಲ್ಲ, ಹಾಗಾಗಿ ಇದನ್ನು ಹಣೆಬರಹ ಅಂತ ಓದಬೇಡಿ. ಆದರೆ ದಪ್ಪ ಒಂದನ್ನೇ ನೋಡಿ ಸುಮ್ಮನಾಗಬಾರದು ಅನ್ನುವುದು ಇದರಿಂದ ಗೊತ್ತಾಗುತ್ತದೆ, ಅಲ್ವಾ?

ಇಲ್ಲೂ ಒಂದು ಮೋಸ ಇದೆ. ಸಿಟಿಯಲ್ಲಿ ರಕ್ತ ಬೆಳ್ಳಗೆ ಕಾಣುವುದು ಕೈಗೆ ಚುಚ್ಚಿದ ಡೈಯಿಂದ. ಕಳ್ಳ ದಾರಿಯಲ್ಲಿ ರಕ್ತ ನಿಧಾನ ಹರಿಯುವುದರಿಂದ ಡೈ ಅಲ್ಲಿಗೆ ತಡವಾಗಿ ತಲುಪುತ್ತದೆ. ಬೇಗ ಚಿತ್ರ ತೆಗೆದು ಮುಗಿಸಿಬಿಟ್ಟರೆ ಡೈ ಇನ್ನೂ ತಲುಪಿರದ ಜಾಗ ಹೆಪ್ಪಿನ ಹಾಗೆ ಕಪ್ಪಾಗಿಯೇ ಕಾಣುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಎರಡನೇ ಸುತ್ತು ತೆಗೆದರೆ ನಿಜ ಗೊತ್ತಾಗುತ್ತದೆ. ಚಿಕ್ಕಪ್ಪನ ಮೊದಲ ಸ್ಕ್ಯಾನ್‌ನಲ್ಲಿ ಎರಡು ಸುತ್ತು ಇತ್ತು, ಎರಡನೆಯದರಲ್ಲಿ ಒಂದೇ. ಅಂದರೆ ಹೋಲಿಸಲು ಇಟ್ಟ ಎರಡು ಸ್ಕ್ಯಾನ್‌ಗಳು ಒಂದೇ ಜಾತಿಯವೂ ಆಗಿರಲಿಲ್ಲ. ಕೊನೆಗೆ ಮೂರು ತಿಂಗಳು ಬಿಟ್ಟು, ಮೊದಲಿನ ಜಾಗದಲ್ಲೇ, ಮೊದಲಿನ ಕ್ರಮದಲ್ಲೇ ಇನ್ನೊಂದು ಸ್ಕ್ಯಾನ್ ಆಯಿತು. ಕೆಳತುದಿಯಲ್ಲಿ ಹೆಪ್ಪು ನಿಜವಾಗಿಯೂ ಇತ್ತು, ಸ್ವಲ್ಪ. ದಪ್ಪ 44ರಲ್ಲೇ ನಿಂತಿತ್ತು. ಬೆಂಗಳೂರಿನ ಡಾಕ್ಟರ್ ಅದನ್ನು ನೋಡಿ ಔಷಧಿ ಬಿಗಿ ಮಾಡಿದರು, ಮುಂದಿನದು ಆರು ತಿಂಗಳಿಗೆ ಅಂದರು.

ಹಾಗಾದರೆ ಕಾಯುವುದು ಸರಿಯಾ, ಬೇಗನೇ ಸ್ಟೆಂಟ್ ಹಾಕಿಬಿಡುವುದು ಸರಿಯಾ? ತೊಡೆಯ ನಾಳದಿಂದ ತೂರಿಸಿ ಹರಿದ ಬಾಯಿಯನ್ನು ಒಳಗಿಂದ ಮುಚ್ಚುವ ಬಟ್ಟೆ ಹೊದಿಸಿದ ಸ್ಟೆಂಟ್ ಈ ಕಾಯಿಲೆಗೆ ಬಳಕೆಗೆ ಬಂದಿದ್ದು 1999ರ ಸುಮಾರಿಗೆ. ತೊಡಕಿಲ್ಲದ ಟೈಪ್ ಬಿ ಇದ್ದ 140 ಜನರಲ್ಲಿ ಅರ್ಧ ಜನಕ್ಕೆ ಸ್ಟೆಂಟ್ ಮತ್ತು ಔಷಧಿ, ಉಳಿದವರಿಗೆ ಬರೀ ಔಷಧಿ ಕೊಟ್ಟು ನೋಡಿದ ಯುರೋಪಿನ ಪ್ರಯೋಗ ಇನ್‌ಸ್ಟೆಡ್. ಎರಡು ವರ್ಷದ ಲೆಕ್ಕ 2009ರಲ್ಲಿ ಬಂತು, ಬದುಕುಳಿಯುವುದರಲ್ಲಿ ವ್ಯತ್ಯಾಸ ಏನೂ ಕಾಣಲಿಲ್ಲ. ಸುಮ್ನೆ ಸ್ಟೆಂಟ್ ಯಾಕೆ ಅಂದರು ಜನ. ಅದೇ ಗುಂಪನ್ನು ಐದು ವರ್ಷ ಹಿಂಬಾಲಿಸಿದ ಲೆಕ್ಕ 2013ರಲ್ಲಿ ಬಂದಾಗ ಮಾತು ತಿರುಗಿತು: ಮಹಾಪಧಮನಿಯ ಕಾರಣಕ್ಕೇ ಸತ್ತವರು ಬರೀ ಔಷಧಿಯವರಲ್ಲಿ ಶೇ 19.3, ಸ್ಟೆಂಟ್ ಹಾಕಿದವರಲ್ಲಿ ಶೇ 6.9. ಅದೇ ಜನ, ಅದೇ ಚಿಕಿತ್ಸೆ. ನೋಡಿದ ಅವಧಿ ಮಾತ್ರ ಉದ್ದವಾಯಿತು, ಉತ್ತರವೇ ಬದಲಾಯಿತು. ಹಾಗಂತ ಎಲ್ಲರಿಗೂ ಸ್ಟೆಂಟ್ ಹಾಕುವುದೂ ಸಲೀಸಲ್ಲ. ಪಾರ್ಶ್ವವಾಯು, ಕಾಲಿನ ಸ್ವಾಧೀನ ತಪ್ಪುವುದು, ಸ್ಟೆಂಟಿನ ತುದಿಯಲ್ಲಿ ಹೊಸ ಸೀಳು, ಎಲ್ಲ ಅಪಾಯವೂ ಇದೆ. ಹಾಗಾಗಿ ಯಾರಿಗೆ ಬೇಕು ಅಂತ ಮೊದಲೇ ಆರಿಸುವುದೇ ಈಗಿನ ತಲೆನೋವು. ಮೊದಲ ಸ್ಕ್ಯಾನ್‌ನಲ್ಲೇ ದಪ್ಪ 40 ದಾಟಿದೆಯಾ, ಕಳ್ಳ ದಾರಿ 22 ಮಿ.ಮೀ.ಗಿಂತ ಅಗಲ ಇದೆಯಾ, ಒಳಪದರದ ಹರಕು 10 ಮಿ.ಮೀ.ಗಿಂತ ದೊಡ್ಡದಾ ಅಂತೆಲ್ಲ ನೋಡುತ್ತಾರೆ. ಚಿಕ್ಕಪ್ಪನಿಗೆ ಇವುಗಳಲ್ಲಿ ಒಂದಿದೆ. ಅದಕ್ಕೇ ಅವರ ಮೇಲೆ ಕಣ್ಣು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ, ಇಷ್ಟು ಸಲ ಸಿಟಿ ಮಾಡಿಸಿದರೆ ಏನೂ ಆಗುವುದಿಲ್ಲವಾ ಅಂತ. ಎದೆ ಹೊಟ್ಟೆ ಎರಡನ್ನೂ ಸೇರಿಸಿದ ಒಂದು ಸಿಟಿ ಆಂಜಿಯೋಗ್ರಾಮ್‌ಗೆ ಸುಮಾರು 10ರಿಂದ 20 ಮಿಲಿಸೀವರ್ಟ್ ವಿಕಿರಣ. ಮಣ್ಣು, ಕಲ್ಲು, ಆಕಾಶದಿಂದ ಎಲ್ಲರಿಗೂ ವರ್ಷಕ್ಕೆ ಸರಾಸರಿ 2.4 ಬೀಳುತ್ತಲೇ ಇರುತ್ತದೆ. ಅರವತ್ತು ದಾಟಿದವರಿಗೆ ಇದು ಅಷ್ಟು ದೊಡ್ಡ ಚಿಂತೆಯಲ್ಲ, ಮೂವತ್ತರ ಹುಡುಗನಿಗೆ ಮಾರ್ಫಾನ್‌ನಂಥ ವಂಶದ ತೊಂದರೆಯಿಂದ ಸೀಳಿದ್ದರೆ ಜೀವಮಾನದ ಲೆಕ್ಕ ಹಾಕಲೇಬೇಕು. ಡೈಯಿಂದ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ಅದಕ್ಕೇ ಪ್ರತಿ ಸಲ ಕ್ರಿಯೇಟಿನಿನ್ ಪರೀಕ್ಷೆ. ಎಂಆರ್‌ಐನಲ್ಲಿ ವಿಕಿರಣ ಇಲ್ಲ, ರಕ್ತ ಯಾವ ಕಡೆಗೆ ಎಷ್ಟು ಜೋರಾಗಿ ಹರಿಯುತ್ತಿದೆ ಅಂತಲೂ ತೋರಿಸುವ ಬಗೆ ಬಂದಿದೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಉಸಿರು ಬಿಗಿಹಿಡಿದು ಮಲಗಬೇಕು. ಎದೆಯ ಮೇಲಿಂದ ಮಾಡುವ ಎಕೋದಲ್ಲಿ ಹೃದಯದ ಪಕ್ಕದ ಭಾಗ ಕಾಣುತ್ತದೆ, ಬೆನ್ನ ಹಿಂದೆ ಇಳಿಯುವ ಭಾಗ ಸರಿಯಾಗಿ ಸಿಗುವುದಿಲ್ಲ. 'ಎಕೋ ಮಾಡಿಸಿದ್ದೇವೆ, ಸಿಟಿ ಬೇಡ' ಅನ್ನುವ ಉಳಿತಾಯ ಟೈಪ್ ಬಿಗೆ ನಡೆಯುವುದಿಲ್ಲ.

ಹೊಸ ಸಾಫ್ಟ್‌ವೇರ್‌ಗಳ ಸುದ್ದಿಯೂ ಜೋರಾಗಿದೆ. ನಿಜದ ದಾರಿ, ಕಳ್ಳ ದಾರಿ ಎರಡನ್ನೂ ಕಂಪ್ಯೂಟರೇ ಬೇರೆ ಮಾಡಿ ಬಣ್ಣ ಹಚ್ಚುತ್ತದೆ. ಮಿಚಿಗನ್ ವಿಶ್ವವಿದ್ಯಾಲಯದವರು ಎರಡು ಸ್ಕ್ಯಾನ್‌ಗಳನ್ನು ಒಂದರ ಮೇಲೊಂದು ಕೂರಿಸಿ, ಗೋಡೆಯ ಯಾವ ಜಾಗ ಎಷ್ಟು ಹಿಗ್ಗಿದೆ ಅಂತ ನಕ್ಷೆಯ ಹಾಗೆ ಬಣ್ಣದಲ್ಲಿ ತೋರಿಸುವ ವಿಧಾನ ಮಾಡಿದ್ದಾರೆ. ಒಂದು ಜಾಗದಲ್ಲಿ ಅಡ್ಡಗೆರೆ ಎಳೆದು ಅಳೆಯುವುದಕ್ಕಿಂತ ಇದು ಎಷ್ಟೋ ವಾಸಿ, ಕೈಯ ವ್ಯತ್ಯಾಸ ಕಡಿಮೆಯಾಗುತ್ತದೆ. ಚೆನ್ನಾಗಿದೆ. ಆದರೆ ಆ ಜಾಣ ಸಾಫ್ಟ್‌ವೇರ್‌ಗೂ ಹಳೇ ಸ್ಕ್ಯಾನ್ ಬೇಕಲ್ಲ? ಅದೂ ತೆಳು ಬಿಲ್ಲೆಗಳ ಪೂರ್ತಿ ಚಿತ್ರ. ಗದ್ದೆಯಲ್ಲಿ ನೇತಾಡುವ ಸಿಡಿಯನ್ನು ಅದೂ ಓದಲಾರದು.

ನನಗೆ ಈ ಎರಡು ವರ್ಷದಲ್ಲಿ ಅನ್ನಿಸಿದ್ದು ಇದು: ನಮ್ಮ ಕಡೆ ಮಷಿನ್ ಇಲ್ಲ ಅನ್ನುವ ಕಾಲ ಹೋಯಿತು. ಶಿವಮೊಗ್ಗದಲ್ಲಿ ಸಿಟಿ ಇದೆ, ಎಂಆರ್‌ಐ ಇದೆ, ನೋಡುವವರೂ ಇದ್ದಾರೆ. ಇಲ್ಲದಿರುವುದು ನಿನ್ನೆಯ ಚಿತ್ರ ಇವತ್ತಿನ ಡಾಕ್ಟರಿಗೆ ಸಿಗುವ ದಾರಿ. ಮಲೆನಾಡಿನ ರೋಗಿ ಒಂದು ಸಲ ಶಿವಮೊಗ್ಗಕ್ಕೆ, ಒಂದು ಸಲ ಘಟ್ಟ ಇಳಿದು ಕರಾವಳಿಗೆ, ದೊಡ್ಡದಾದರೆ ಬೆಂಗಳೂರಿಗೆ ಹೋಗುತ್ತಾನೆ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದರೆ ದಾರಿಯೇ ಬದಲು. ಎಲ್ಲಿ ಅನುಕೂಲವೋ ಅಲ್ಲಿ ಸ್ಕ್ಯಾನ್. 2021ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ 14 ಅಂಕಿಯ ಆಭಾ ಸಂಖ್ಯೆ ಕೊಡುತ್ತಾರೆ, ರೋಗಿಯ ದಾಖಲೆ ರೋಗಿಯ ಜೊತೆಗೇ ಹೋಗಬೇಕು ಅನ್ನುವುದೇ ಅದರ ಆಸೆ. ಚಿಕ್ಕಪ್ಪನಿಗೂ ಮಾಡಿಸಿದ್ದೇನೆ. ಅದರಲ್ಲಿ ಸದ್ಯಕ್ಕೆ ಇರುವುದು ರಕ್ತಪರೀಕ್ಷೆಯ ಒಂದೆರಡು ಕಾಗದ. ಸಾವಿರ ಬಿಲ್ಲೆಯ ಸ್ಕ್ಯಾನ್ ಅವರ ಮನೆಯ ನೆಟ್‌ವರ್ಕಿಗೆ ಇಳಿಯಬೇಕಾದರೆ ಮನೆ ಹಿಂದಿನ ಗುಡ್ಡ ಹತ್ತಿ ಕಲ್ಲಿನ ಮೇಲೆ ಅರ್ಧ ದಿನ ಕೂರಬೇಕು.

ಹಾಗಾಗಿ ನಾವು ಮಾಡಿಕೊಂಡ ವ್ಯವಸ್ಥೆ ಬಡವರ ವ್ಯವಸ್ಥೆ. ಪ್ರತಿ ಸ್ಕ್ಯಾನ್ ಆದಾಗ ಫಿಲ್ಮ್ ಬೇಡ ಅಂದರೂ ಪರವಾಗಿಲ್ಲ, ಪೂರ್ತಿ ಚಿತ್ರದ ಸಿಡಿ ಕೇಳಿ ಪಡೆಯುತ್ತೇವೆ, ಅದೇ ದಿನ ಎರಡು ಪೆನ್‌ಡ್ರೈವ್‌ಗೆ ಹಾಕುತ್ತೇವೆ. ಒಂದು ನನ್ನ ಹತ್ತಿರ, ಒಂದು ಅವರ ಹತ್ತಿರ. ಸ್ಕ್ಯಾನ್‌ಗೆ ಹೋಗುವಾಗ ಹಳೆಯದನ್ನು ಮೊದಲೇ ಕೊಟ್ಟು, ಇದರ ಜೊತೆ ಹೋಲಿಸಿ ಬರೆಯಿರಿ, ಹಿಂದಿನ ಹಾಗೆ ಎರಡು ಸುತ್ತು ತೆಗೆಯಿರಿ ಅಂತ ಡಾಕ್ಟರಿಂದ ಚೀಟಿಯಲ್ಲಿ ಬರೆಸಿಕೊಂಡಿರುತ್ತೇವೆ. ರಿಪೋರ್ಟು ಬಂದಾಗ ಯಾವ ಜಾಗದಲ್ಲಿ ಅಳೆದಿದ್ದು ಅಂತ ಕೇಳುತ್ತೇನೆ. ಒಂದು ಕಡೆ ಈ ಪ್ರಶ್ನೆಗೆ ಕೌಂಟರಿನಲ್ಲಿದ್ದವರು, "ನೀವೇನು ಡಾಕ್ಟರಾ?" ಅಂದರು. ಅಲ್ಲ, ಅಡಿಕೆ ವ್ಯಾಪಾರಿ ಅಂದೆ.

ಚಿಕ್ಕಪ್ಪ ಈಗ ಮೂಟೆ ಎತ್ತುವುದಿಲ್ಲ. ಬೆಳಿಗ್ಗೆ ಸಂಜೆ ಬಿಪಿ ನೋಡಿ ಹಳೇ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತಾರೆ. ಸಿಡಿ, ಪೆನ್‌ಡ್ರೈವ್ ಎಲ್ಲ ಚಿಕ್ಕಮ್ಮನ ಟ್ರಂಕಿನಲ್ಲಿ, ಪಹಣಿ ಮತ್ತು ಜಾಗದ ಪತ್ರಗಳ ಜೊತೆ ಸೇರಿವೆ, ಬೀಗ ಹಾಕಿ. ಮೇಲೆ ಮಾರ್ಕರ್ ಪೆನ್ನಿನಲ್ಲಿ ತಾರೀಖು. ಮುಂದಿನ ಸ್ಕ್ಯಾನ್ ದಸರಾ ಕಳೆದು, ಕೊಯ್ಲು ಶುರುವಾಗುವ ಮೊದಲು. ಮೊನ್ನೆ ಫೋನ್ ಮಾಡಿದ್ದೆ. ಗದ್ದೆಗೆ ಹಕ್ಕಿ ಕಾಟ ಜಾಸ್ತಿಯಾಗಿದೆಯಂತೆ, ನನ್ನ ಹತ್ತಿರ ಹಳೇ ಸಿನಿಮಾ ಸಿಡಿ ಯಾವುದಾದರೂ ಇದ್ದರೆ ತಂದುಕೊಡು ಅಂದರು.